ನಾಲ್ಕು ಸೂತದ ಪೈಪು

ಒಂದು ಮನೆಯಲ್ಲಿ ಓದಿದವರು ಒಬ್ಬರೇ ಇದ್ದರೆ, ಆ ಮನೆಯಲ್ಲಿ ಕೆಟ್ಟುಹೋದ ವಸ್ತುಗಳೆಲ್ಲ ಅವರ ಮುಖವನ್ನೇ ನೋಡುತ್ತವೆ. ನಮ್ಮ ಮನೆಯಲ್ಲಿ ಆ ಮುಖ ನನ್ನದು. ಮಿಕ್ಸಿ ಹೊಗೆ ಬಿಟ್ಟರೆ ನನ್ನನ್ನು ಕರೆಯುತ್ತಾರೆ. ರೇಷನ್ ಕಾರ್ಡಿನಲ್ಲಿ ಹೆಸರು ತಪ್ಪಾಗಿ ಬಿದ್ದರೆ ನನ್ನನ್ನು ಕರೆಯುತ್ತಾರೆ. ಎಮ್ಮೆ ಮೇವು ಬಿಟ್ಟಾಗಲೂ ಒಮ್ಮೆ ನನ್ನನ್ನು ಕರೆದಿದ್ದರು. ನಾನು ಹೋಗಿ ಎಮ್ಮೆಯ ಎದುರು ಗಂಭೀರವಾಗಿ ನಿಂತು ಬಂದೆ, ಮರುದಿನ ಅದು ತಾನಾಗಿ ತಿಂದಿತು, ಕೀರ್ತಿ ನನಗೆ ಬಂತು. ನಾನು ಬಿ.ಎಸ್ಸಿ., ಬಿ.ಇಡಿ. ತೆಲುಗು ಸೀಮೆಗೆ ಸೇರಿದ ಹೊಳಗುಂದ ಮಂಡಲದ ನಮ್ಮೂರಿನಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತೇನೆ. ನಮ್ಮ ವಂಶದಲ್ಲಿ ನನಗಿಂತ ಮುಂಚೆ ಯಾರೂ ಕಾಲೇಜಿನ ಮೆಟ್ಟಿಲು ಹತ್ತಿದವರಿಲ್ಲ. ಇದನ್ನು ನಾನು ಸಂಕೋಚವಿಲ್ಲದೆ ಹೇಳುತ್ತೇನೆ, ಕೇಳದವರಿಗೂ ಹೇಳುತ್ತೇನೆ. ಹಾಗೆ ಹೇಳಿ ಹೇಳಿ ಒಂದು ಚಟ ಹತ್ತಿಬಿಟ್ಟಿದೆ: "ನನಗೆ ಗೊತ್ತಿಲ್ಲ" ಎಂಬ ಮಾತು ನನ್ನ ಬಾಯಿಂದ ಹೊರಡುವುದೇ ಇಲ್ಲ.

ಇದು ಬರೀ ಜಂಬವೆಂದು ತಿಳಿಯಬೇಡಿ. ಅದರಲ್ಲಿ ಅರ್ಧ ಜಂಬ, ಅರ್ಧ ಹೆದರಿಕೆ. ನಮ್ಮಪ್ಪ ಬೇಗ ಹೋದ. ಅವ್ವ ಆದೋನಿಯ ಹತ್ತಿಯ ಜಿನ್ನಿಂಗ್ ಮಿಲ್ಲಿನಲ್ಲಿ ಕೂಲಿಗೆ ಹೋಗುತ್ತಿದ್ದಳು. ಅಣ್ಣ ಈರಣ್ಣ ಏಳನೇ ಕ್ಲಾಸಿನಲ್ಲಿದ್ದ, ನಾನು ನಾಲ್ಕನೆಯದರಲ್ಲಿ. ಇಬ್ಬರಲ್ಲಿ ಒಬ್ಬರು ಮಾತ್ರ ಓದಬಹುದೆನ್ನುವ ದಿನ ಬಂದಾಗ ಅಣ್ಣ, "ನನಗ ಲೆಕ್ಕ ತಲಿಗೆ ಹತ್ತಂಗಿಲ್ಲ ಅವ್ವಾ, ತಂಗಿ ಓದ್ಲಿ" ಎಂದ. ಅದು ಹಸಿ ಸುಳ್ಳು. ಹೊಲದ ಬದುವಿನ ಮೇಲೆ ನಿಂತು ಇದು ಎಷ್ಟು ಎಕರೆ, ಎಷ್ಟು ಸೆಂಟು ಎಂದು ಇಂದಿಗೂ ಕಣ್ಣಳತೆಯಲ್ಲಿ ಹೇಳುವವನು ಅವನು. ಮರುದಿನ ಅವನು ಬೇರೆಯವರ ಟ್ರ್ಯಾಕ್ಟರಿನ ಮೇಲೆ ಕೈಯಾಳಾಗಿ ಹೋದ, ಅವನ ಜಾಮೆಟ್ರಿ ಬಾಕ್ಸು ನನ್ನ ಚೀಲಕ್ಕೆ ಬಂತು. ಅದರೊಳಗಿನ ಸ್ಕೇಲಿನಿಂದಲೇ ನಾನು ಅಳೆಯುವುದನ್ನು ಕಲಿತೆ. ಇಷ್ಟು ವರ್ಷಗಳಲ್ಲಿ ಅವನು ನನ್ನಿಂದ ಏನನ್ನೂ ವಾಪಸು ಕೇಳಿಲ್ಲ. ಕೇಳದವನ ಮುಂದೆ ನಿಂತು "ಗೊತ್ತಿಲ್ಲ" ಎನ್ನುವುದು ಹೇಗೆ ಹೇಳಿ? ಅದಕ್ಕೇ ಅವನ ಟ್ರ್ಯಾಕ್ಟರಿಗೆ ಜ್ವರ ಬಂದಾಗ ಯಾರೂ ಕರೆಯದೆ ನಾನೇ ಮುಂದೆ ಬಂದೆ.

ಜ್ವರ ಎಂದು ಹೆಸರಿಟ್ಟವರು ಊರಿನವರು. ಅಣ್ಣನ ಹತ್ತಿರ ಈಗ ಸ್ವಂತದ್ದೊಂದು ಹಳೆಯ ಟ್ರ್ಯಾಕ್ಟರಿದೆ, ಅದರ ಹಿಂದೆ ಪಲ್ಟಿ ನೇಗಿಲು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ (ನನಗೂ ಮೊದಲು ಗೊತ್ತಿರಲಿಲ್ಲ, ಆದರೆ ಈಗ ನಾನು ಟೀಚರು): ಈ ನೇಗಿಲಿಗೆ ಮೇಲೊಂದು ಜೊತೆ, ಕೆಳಗೊಂದು ಜೊತೆ ಹಲ್ಲು. ಸಾಲು ಮುಗಿದು ಬದುವಿಗೆ ಬಂದಾಗ ಡ್ರೈವರು ಲಿವರ್ ಎಳೆಯುತ್ತಾನೆ. ಟ್ರ್ಯಾಕ್ಟರಿನ ಹೊಟ್ಟೆಯೊಳಗಿನ ಪಂಪು ಎಣ್ಣೆಯನ್ನು ಎರಡು ರಬ್ಬರ್ ಪೈಪುಗಳ ಮೂಲಕ ನೇಗಿಲಿಗೆ ಒತ್ತುತ್ತದೆ, ನೇಗಿಲು ಹೆಂಚಿನ ಮೇಲಿನ ರೊಟ್ಟಿಯಂತೆ ಮಗುಚಿಕೊಳ್ಳುತ್ತದೆ. ಆಮೇಲೆ ಮತ್ತೊಂದು ಸಾಲು. ಇಡೀ ಉಳುಮೆ ನಿಂತಿರುವುದು ಆ ಮಗುಚುವಿಕೆಯ ಮೇಲೆ. ಅಣ್ಣನ ನೇಗಿಲು ಬೆಳಿಗ್ಗೆ ನಿಧಾನವಾಗಿ ಮಗುಚುತ್ತಿತ್ತು, ಹತ್ತು ಗಂಟೆಗೆ ನರಳಿ ನರಳಿ ಮಗುಚುತ್ತಿತ್ತು, ಮಧ್ಯಾಹ್ನಕ್ಕೆ ಅರ್ಧಕ್ಕೆ ನಿಂತು ಆಕಾಶ ನೋಡುತ್ತಿತ್ತು. ಎಣ್ಣೆ ಅಷ್ಟು ಕಾದಿರುತ್ತಿತ್ತು. ಆಗ ಅಣ್ಣ ಇಂಜಿನ್ ಆರಿಸಿ, ಗೋಣಿಚೀಲ ನೆನೆಸಿ ಟ್ರ್ಯಾಕ್ಟರಿನ ಹಿಂಭಾಗಕ್ಕೆ ಹೊದಿಸಿ, ಬೇವಿನ ಮರದ ಕೆಳಗೆ ಕುಳಿತು ಎರಡು ತಾಸು ಕಾಯುತ್ತಿದ್ದ. ದಾರಿಯಲ್ಲಿ ಹೋಗುವವರು ಸುಮ್ಮನಿರುತ್ತಾರೆಯೇ? "ಏನೋ ಈರಣ್ಣ, ಗಾಡಿಗೆ ಜ್ವರ ಬಂದಾವೇನು? ಹಣಿಗೆ ಒದ್ದಿ ಬಟ್ಟಿ ಹಾಕೀಯಲ್ಲ! ಗಂಜಿ ಗಿಂಜಿ ಕುಡಿಸಿ ನೋಡು" ಎಂದು ಒಬ್ಬ ಅಂದದ್ದು ಸಂಜೆಯೊಳಗೆ ಊರೆಲ್ಲ ಆಯಿತು.

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಕಡೆಯದು ಎರೆ ಭೂಮಿ. ಮಳೆ ಬಿದ್ದ ಮೇಲೆ ಹದ ಇರುವುದು ನಾಲ್ಕೈದು ದಿನ. ಅದಕ್ಕೆ ಮೊದಲು ನೇಗಿಲಿಗೆ ಮೆತ್ತಿಕೊಳ್ಳುತ್ತದೆ, ಆಮೇಲೆ ಕಲ್ಲಾಗುತ್ತದೆ. ಆ ನಾಲ್ಕೈದು ದಿನದಲ್ಲಿ ದಿನಕ್ಕೆ ಎರಡು ತಾಸು ಗಾಡಿ ಮಲಗಿದರೆ ಮಾತು ಕೊಟ್ಟ ಹೊಲಗಳು ಉಳಿದುಹೋಗುತ್ತವೆ. ಅಣ್ಣನಿಗೆ ಇರುವುದು ಒಂದೇ ಹೆಸರು: ಈರಣ್ಣ ಬರ್ತೀನಿ ಅಂದರೆ ಬರ್ತಾನೆ ಎಂಬುದು. ನನ್ನ ಹೆಸರಿನ ಮುಂದೆ ಐದಾರು ಇಂಗ್ಲಿಷ್ ಅಕ್ಷರಗಳಿವೆ. ಅವನಿಗೆ ಅದೊಂದೇ.

ಚಿಕಿತ್ಸೆ ಶುರು ಮಾಡಿದೆ. ಮೊದಲನೆಯದಾಗಿ ಅಡಿಗೆಮನೆಯಲ್ಲಿ ಅತ್ತಿಗೆ ಗಂಗಮ್ಮನ ಎದುರು ಒಂದು ಪಾಠ ಮಾಡಿದೆ. ಶೇಂಗಾ ಎಣ್ಣೆಯನ್ನು ಎರಡು ಬಟ್ಟಲಿಗೆ ಹಾಕಿ, ಒಂದನ್ನು ಕಾಯಿಸಿ, ಎರಡನ್ನೂ ಓರೆಯಾಗಿಟ್ಟ ತಟ್ಟೆಯ ಮೇಲೆ ಸುರಿದೆ. ಕಾದದ್ದು ಸರ್ರನೆ ಓಡಿತು. "ನೋಡ್ರಿ ಅತ್ತಿಗಿ, ಕಾದ ಎಣ್ಣಿ ತೆಳ್ಳಗಾಗ್ತೈತಿ. ತೆಳ್ಳಗಾದ್ರ ಪಂಪಿನೊಳಗ ಸಂದಿಯಿಂದ ಜಾರ್ಕೊಂಡು ಹಿಂದಕ್ಕ ಹೋಗ್ತೈತಿ, ಒತ್ತಡ ಬರಂಗಿಲ್ಲ. ಜಾರಿದ್ದಕ್ಕ ಮತ್ತಷ್ಟು ಕಾಯ್ತೈತಿ" ಎಂದು ವಿವರಿಸಿದೆ. ಅತ್ತಿಗೆ ತಟ್ಟೆಯಿಂದ ನೆಲಕ್ಕೆ ಹರಿದ ಎಣ್ಣೆಯನ್ನು ನೋಡಿ, "ಎಣ್ಣಿ ಕಾದ್ರ ನೀರಾಗ್ತೈತಿ ಅಂತ ತಿಳ್ಕೊಳ್ಳಾಕ ಇಷ್ಟು ವರ್ಷ ಓದ್ಬೇಕಾತೇನವ್ವಾ ನಿನಗ? ದಿನಾ ಒಗ್ಗರಣಿ ಹಾಕಾಕಿ ನಾನು" ಎಂದಳು. ನೆಲ ಒರೆಸಿದ್ದೂ ಆಕೆಯೇ.

ಎರಡನೆಯದಾಗಿ ಎಣ್ಣೆ ಬದಲಿಸಿದೆವು. ಪುಸ್ತಕದಲ್ಲಿ ಹೇಳಿದ ನಂಬರಿನ ಎಣ್ಣೆಯನ್ನೇ ಹಾಕಿಸಿದೆ. ಮೂರನೆಯದಾಗಿ ಎಣ್ಣೆ ಸೋಸುವ ಜಾಲರಿಯನ್ನು ಬಿಚ್ಚಿ ಡೀಸೆಲ್ಲಿನಲ್ಲಿ ತೊಳೆದೆವು. ಅದರಲ್ಲಿ ಕಸವೇನೋ ಇತ್ತು, ಅದನ್ನು ಕಂಡು ನನಗಾದ ಸಂತೋಷ ಅಷ್ಟಿಷ್ಟಲ್ಲ. ಟ್ರ್ಯಾಕ್ಟರಿನ ಹಿಂಭಾಗಕ್ಕೆ ಮೆತ್ತಿದ್ದ ಒಂದು ವರ್ಷದ ಎರೆ ಮಣ್ಣನ್ನು ಕೆರೆದು ತೆಗೆದೆವು, ಮಣ್ಣಿನ ಹೊದಿಕೆ ಇದ್ದರೆ ಶಾಖ ಗಾಳಿಗೆ ಹೋಗುವುದಿಲ್ಲವಲ್ಲ. ಮರುದಿನ ಗಾಡಿ ಮಲಗುವ ಹೊತ್ತು ಹನ್ನೆರಡರಿಂದ ಹನ್ನೆರಡೂವರೆಗೆ ಮುಂದೆ ಹೋಯಿತು. ನಾನು ಅದನ್ನು ಪ್ರಗತಿ ಎಂದು ಕರೆದೆ. ಅಣ್ಣ "ಹೌದೌದು, ಭಾಳ ಚೊಲೋ ಆತು" ಎಂದ. ಅವನ ಸ್ವಭಾವವೇ ಅದು. ನಾನು ಮೊದಲ ಸಲ ಮಾಡಿದ ರೊಟ್ಟಿ ತಿಂದೂ ಹೀಗೇ ಅಂದಿದ್ದ, ಆಮೇಲೆ ನಾಯಿ ಕೂಡ ಅದನ್ನು ಮುಟ್ಟಲಿಲ್ಲ.

ಮಧ್ಯೆ ಒಂದು ವಿಷಯ ಹೇಳಬೇಕು. ಇಷ್ಟೆಲ್ಲ ಬಿಚ್ಚಿ ನೋಡಿದರೂ ಒಂದು ಜಾಗವನ್ನು ಮಾತ್ರ ನಾನು ಅನುಮಾನಿಸಲೇ ಇಲ್ಲ. ನೇಗಿಲಿಗೆ ಹೋಗುವ ಆ ಎರಡು ರಬ್ಬರ್ ಪೈಪು. ಏಕೆಂದರೆ ಅವನ್ನು ತಂದವಳು ನಾನು. ಹೋದ ವರ್ಷ ಮುಂಗಾರಿನ ಹೊತ್ತಿಗೆ ಹಳೆಯ ಪೈಪು ಒಡೆದು ಎಣ್ಣೆಯೆಲ್ಲ ಸುರಿದಿತ್ತು. ಅಣ್ಣ ಹೊಲದಿಂದಲೇ ಫೋನು ಮಾಡಿ, "ತಂಗಿ, ಆದೋನಿಗೆ ಹೋಗ್ತೀಯಲ್ಲ, ಪೈಪ್ ತಗೊಂಬಾ. ನಾಲ್ಕು ಸೂತದ್ದು ಅಂತ ಹೇಳ್ಯಾನ ಮಸ್ತಾನ್ ಸಾಬ. ಹಳೇ ತುಂಡು ಒಯ್ಯಿ" ಎಂದಿದ್ದ. ಮಸ್ತಾನ್ ಸಾಬ್ ಆದೋನಿಯಲ್ಲಿ ನಮ್ಮ ಮೆಕ್ಯಾನಿಕ್, ಅವ್ವನ ಕಾಲದಿಂದ ಪರಿಚಯ. "ನಾನ್ ಹೋಗ್ತೀನಿ, ನೀ ಚಿಂತಿ ಮಾಡ್ಬ್ಯಾಡ" ಎಂದೆ. ಅಣ್ಣ ನನಗೆ ಒಪ್ಪಿಸಿದ ಮೊದಲ ಯಂತ್ರದ ಕೆಲಸ ಅದು. ಶಾಲೆಯ ಲ್ಯಾಬಿನಿಂದ ವರ್ನಿಯರ್ ಕ್ಯಾಲಿಪರ್ ತೆಗೆದುಕೊಂಡು ಚೀಲಕ್ಕೆ ಹಾಕಿಕೊಂಡೆ. ಕೂದಲೆಳೆಯಷ್ಟು ದಪ್ಪವನ್ನೂ ಅಳೆಯುವ ಉಪಕರಣ ಅದು. ಪೈಪಿನಂಗಡಿಯ ಕಟ್ಟೆಯ ಮೇಲೆ ಹಳೆಯ ತುಂಡನ್ನಿಟ್ಟು, ವರ್ನಿಯರ್‌ನ ದವಡೆಯಲ್ಲಿ ಹಿಡಿದು, ಕಣ್ಣು ಕಿರಿದು ಮಾಡಿ ಅಳೆದೆ. ಅಂಗಡಿಯವನು, ಅವನ ಗಿರಾಕಿಗಳು, ಎದುರು ಚಹಾ ಕುಡಿಯುತ್ತಿದ್ದ ಲಾರಿಯವರು, ಎಲ್ಲರೂ ನೋಡುತ್ತಿದ್ದರು. ಇಂಥ ಕ್ಷಣಗಳಿಗಾಗಿಯೇ ಅಲ್ಲವೇ ಮನುಷ್ಯರು ಓದುವುದು?

"ಸೈಜು ಎಂತಮ್ಮಾ?" ಎಂದ ಅಂಗಡಿಯವನು ತೆಲುಗಿನಲ್ಲಿ. ನಾನು ಅಳತೆಯನ್ನು ದಶಮಾಂಶ ಸಮೇತ ಹೇಳಿ, "ನಾಲ್ಕು ಸೂತದ್ದು ಬೇಕು" ಎಂದು ಸೇರಿಸಿದೆ. ಆಮೇಲೆ ಅವನಿಗೆ ಅರ್ಥವಾಗಲಿಕ್ಕಿಲ್ಲವೆಂದು ನಾನೇ ಬಿಡಿಸಿ ಹೇಳಿದೆ: "ಸೂತ ಅಂದ್ರ ಎಳಿ. ಒಳಗ ತಂತಿ ಹೆಣದಿರ್ತಾರಲ್ಲ, ಅದು ನಾಲ್ಕು ಪದರ ಇರ್ಬೇಕು." ಅದನ್ನು ನಾನು ಊಹಿಸಿದ್ದಲ್ಲ, ಓದಿದ್ದು. ಆರನೇ ಕ್ಲಾಸಿನ ಹಿಂದಿ ಪುಸ್ತಕದಲ್ಲಿ ರಾಟೆಯ ಮುಂದೆ ಕುಳಿತ ಹೆಂಗಸಿನ ಚಿತ್ರವಿತ್ತು, ಸೂತ್ ಎಂದರೆ ನೂಲು ಎಂದು ಕೆಳಗೆ ಅರ್ಥ ಕೊಟ್ಟಿತ್ತು. ಹತ್ತಿಯ ಊರಿನಲ್ಲಿ, ಜಿನ್ನಿಂಗ್ ಮಿಲ್ಲಿನ ಕೂಲಿಯ ಹೊಟ್ಟೆಯಲ್ಲಿ ಹುಟ್ಟಿದವಳಿಗೆ ನೂಲಿನ ಬಗ್ಗೆ ಬೇರೆಯವರು ಹೇಳಬೇಕೇ? ಅಂಗಡಿಯವನು ಒಂದು ಕ್ಷಣ ನನ್ನನ್ನೂ ವರ್ನಿಯರ್ ಅನ್ನೂ ನೋಡಿದ. ಒಳಗೆ ಹೋಗಿ ನಾಲ್ಕು ಪದರ ತಂತಿಯ, ಹೆಬ್ಬಾವಿನಂಥ ಪೈಪು ತಂದ. ಹೊರಗಿನ ದಪ್ಪ ಹೆಚ್ಚುಕಡಿಮೆ ಹಳೆಯದರಷ್ಟೇ. ತುದಿಗೆ ಹಳೆಯದರಂಥದೇ ನಟ್ಟು ಕೂರಿಸಿದ. ಜನ್ಮದಲ್ಲಿ ಒಡೆಯುವ ಮಾಲಲ್ಲ ಎಂದು ಭರವಸೆ ಕೊಟ್ಟ. ಆ ಮಾತು ನಿಜವೇ, ಅವನ ಮೇಲೆ ನನ್ನದೇನೂ ತಕರಾರಿಲ್ಲ. ಕೇಳಿದ್ದನ್ನು ಕೊಟ್ಟ. ನಾನು ಆ ಎರಡು ಪೈಪುಗಳನ್ನು ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಿದೆ, ಹಾಗೇ ನಮ್ಮೂರಿನ ಕಟ್ಟೆಯ ಮುಂದೆ ಇಳಿದೆ. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು. ಎರಡು ದಿನ ಕೊರಳು ನೋಯಿತು, ಆದರೆ ಹಿತವಾದ ನೋವು. ಆಮೇಲೆ ಪ್ರತಿದಿನ ಶಾಲೆಯಿಂದ ಬಂದವಳೇ ಕಾಲು ತೊಳೆಯುವ ಮೊದಲು ಒಮ್ಮೆ ಟ್ರ್ಯಾಕ್ಟರಿನ ಹಿಂದೆ ಹೋಗಿ ನನ್ನ ಪೈಪುಗಳನ್ನು ನೋಡಿ ಬರುತ್ತಿದ್ದೆ.

ಈಗ ಮತ್ತೆ ಜ್ವರಕ್ಕೆ ಬರೋಣ. ಈ ವರ್ಷದ ಮೊದಲ ದೊಡ್ಡ ಮಳೆ ಬಿತ್ತು. ಹದ ಬಂತು. ಮೂರನೆಯ ದಿನ ಭಾನುವಾರ, ನಾನು ಹೊಲಕ್ಕೆ ಬುತ್ತಿ ಒಯ್ದಿದ್ದೆ, ಜೊತೆಗೆ ಅತ್ತಿಗೆ. ಗಾಡಿ ಎಂದಿನಂತೆ ಒದ್ದೆ ಗೋಣಿ ಹೊದ್ದು ಮಲಗಿತ್ತು. ಆ ಹೊತ್ತಿಗೆ ದೊಡ್ಡಬಸಪ್ಪ ಬಂದ. ಅಣ್ಣ ಅವನ ಎಂಟು ಎಕರೆಗೆ ಮಾತು ಕೊಟ್ಟಿದ್ದ. ವಯಸ್ಸಾದ ಮನುಷ್ಯ, ಬೈಯುವ ಸ್ವಭಾವವಲ್ಲ. ಗೋಣಿಚೀಲವನ್ನು ನೋಡಿದ, ಆಕಾಶ ನೋಡಿದ, ಒಂದು ಹೆಂಟೆ ಎತ್ತಿ ಕೈಯಲ್ಲಿ ಪುಡಿ ಮಾಡಿದ. "ಈರಣ್ಣ, ನಿಮ್ಮಪ್ಪನ ಕಾಲದಿಂದ ನಮ್ಮ ಹೊಲಕ್ಕ ನಿಮ್ಮ ಮನಿಯವ್ರೇ ನೇಗಿಲು ಹೂಡೀರಿ. ನಾಳೆ ಒಂದಿನ ನೋಡ್ತೀನಪ್ಪಾ. ನಾಡದು ಮುಂಜಾನಿ ನಿನ ಗಾಡಿ ನಮ್ಮ ಬದಿಗೆ ಬರ್ಲಿಲ್ಲಂದ್ರ ಕೌತಾಳದ ಗಾಡಿ ಕರಸ್ತೀನಿ. ತಪ್ಪು ತಿಳೀಬ್ಯಾಡ, ಹದ ನನ್ ಮಾತು ಕೇಳಂಗಿಲ್ಲ" ಎಂದು ಹೇಳಿ, ಕೈಯ ಮಣ್ಣು ಕೊಡವಿ ಹೋದ. ಅಣ್ಣ ರೊಟ್ಟಿ ಮುರಿದ, ತಿನ್ನಲಿಲ್ಲ.

ನಾನು ಥರ್ಮಾಮೀಟರ್ ತೆಗೆದೆ. ಇದೂ ಲ್ಯಾಬಿನದೇ. ಅಣ್ಣ ಗಾಡಿ ನಡೆಸಲಿ, ಎಣ್ಣೆಯ ದಾರಿಯ ಉದ್ದಕ್ಕೂ ಶಾಖ ಎಲ್ಲೆಲ್ಲಿ ಎಷ್ಟೆಷ್ಟು ಎಂದು ಬರೆದುಕೊಳ್ಳೋಣ ಎಂಬುದು ನನ್ನ ಯೋಜನೆ. ಎಣ್ಣೆ ಸುಮ್ಮನೆ ಓಡಿದರೆ ಕಾಯುವುದಿಲ್ಲ. ಅದರ ದಾರಿ ಎಲ್ಲೋ ಕಿರಿದಾಗಿರಬೇಕು, ಅಲ್ಲಿ ನುಗ್ಗಲು ತಿಣುಕಿ ಕಾಯುತ್ತದೆ. ಎಲ್ಲಿ ಶಾಖ ಇದ್ದಕ್ಕಿದ್ದಂತೆ ಏರುತ್ತದೋ ಅಲ್ಲೇ ಕುತ್ತಿಗೆ ಹಿಚುಕಿದೆ ಎಂದರ್ಥ. ಇದನ್ನು ನಾನು ಇಂದಿಗೂ ಸರಿಯಾದ ಯೋಚನೆ ಎಂದೇ ಹೇಳುತ್ತೇನೆ. ಪಂಪಿನ ಬಳಿ ಥರ್ಮಾಮೀಟರನ್ನು ಹತ್ತಿ ಸುತ್ತಿ ಕಟ್ಟಿದೆ. ಮೊದಲನೆಯ ಸಾಲು ಮುಗಿಯುವ ಮೊದಲೇ ಅದು ಒಡೆದು, ಕೆಂಪು ದ್ರವ ಎರೆ ಮಣ್ಣಿನಲ್ಲಿ ಇಂಗಿತು. ಮರುದಿನ ಲ್ಯಾಬಿನ ರಿಜಿಸ್ಟರಿನಲ್ಲಿ "ಪ್ರಯೋಗದ ವೇಳೆ ಒಡೆಯಿತು" ಎಂದು ಬರೆದೆ. ಸುಳ್ಳಲ್ಲ.

ಅತ್ತಿಗೆ ಬದುವಿನ ಮೇಲೆ ಕುಳಿತು ನೋಡುತ್ತಿದ್ದಳು. ಸೆರಗು ಸಿಕ್ಕಿಸಿಕೊಂಡು ಎದ್ದು ಬಂದು, "ಆ ಗಾಜಿನ ಕಡ್ಡಿ ಬಿಡು. ಗಾಡಿ ಆರಿಸ್ರಿ. ನೇಗಿಲು ನೆಲಕ್ಕ ಇಡ್ರಿ. ಎಲ್ಲಿಂದ ಎಲ್ಲಿಗೆ ಹೋಗ್ತೈತಿ ನಿಮ್ಮ ಎಣ್ಣಿ? ತೋರ್ಸು" ಎಂದಳು. ನಾನು ದಾರಿ ತೋರಿಸಿದೆ. ಇಪ್ಪತ್ತು ವರ್ಷ ಕಾದ ಹೆಂಚಿನ ಮೇಲೆ ಜೋಳದ ರೊಟ್ಟಿ ತಿರುವಿದ ಕೈ ಅದು. ಬೆಂಕಿಯ ಜೊತೆ ಅದಕ್ಕೆ ನೇರ ಮಾತುಕತೆ ಇದೆ. ಎಣ್ಣೆಯ ತೊಟ್ಟಿಯ ಮೇಲೆ ಅಂಗೈ ಇಟ್ಟು, "ಇದು ಜಳಕದ ನೀರು" ಎಂದಳು. ಪಂಪಿನ ಪಕ್ಕ: "ಇಲ್ಲೂ ಜಳಕದ ನೀರೇ. ಸ್ವಲ್ಪ ಜಾಸ್ತಿ. ಎಳಿ ಕೂಸಿಗೆ ಹಾಕಂಗಿಲ್ಲ, ದೊಡ್ಡೋರಿಗೆ ನಡಿತೈತಿ." ಲಿವರಿನ ಕೆಳಗಿನ ಪೆಟ್ಟಿಗೆ: "ಹಾಲು. ಉಕ್ಕಾಕ ಬಂದಿಲ್ಲ, ಕೆನಿ ಕಟ್ಟೋ ಹೊತ್ತು." ನಾನು ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಬರೆದುಕೊಳ್ಳುತ್ತಿದ್ದೆ: ಜಳಕ, ಜಳಕ, ಹಾಲು. ಆಕೆಯ ಕೈ ಪೈಪಿನ ಬಾಯಿಗೆ ಬಂತು. ಮುಟ್ಟಿದವಳೇ ಕೈ ಝಾಡಿಸಿದಳು. "ಯವ್ವಾ! ಹೆಂಚು! ಹೆಂಚೇ ಇದು. ಇಲ್ಲೇ ಐತಿ ನೋಡು ನಿನ್ ಒಲಿ."

ಪೈಪು ಪೆಟ್ಟಿಗೆಯಿಂದ ಹೊರಬೀಳುವ ಜಾಗ ಅದು. ನನ್ನ ಪೈಪು. ಆ ನಾಲ್ಕು ಪದರದ ಹೆಬ್ಬಾವು ಬಾಗುವುದಿಲ್ಲವೆಂದು, ಅದನ್ನು ತಿರುಗಿಸಲು ಮೊಣಕೈಯಂತೆ ಬಾಗಿದ ಎರಡು ಕಬ್ಬಿಣದ ತುಂಡು ಹಾಕಿದ್ದರು. ಆ ಮೊಣಕೈಗಳನ್ನು ನಾನು ದಿನವೂ ನೋಡುತ್ತಿದ್ದೆ, ನನ್ನ ಪೈಪಿಗೆ ಒಂದು ಘನತೆ ತಂದಿವೆ ಎಂದುಕೊಂಡಿದ್ದೆ. ಎಣ್ಣೆಯ ದಾರಿಯಲ್ಲಿ ಅವು ಎರಡು ಲಂಬಕೋನಗಳೆಂದು ಆಗ ಹೊಳೆಯಿತು. ನೋಟ್‌ಬುಕ್ಕಿನಲ್ಲಿ ಕೊನೆಯ ಸಾಲು ಬರೆಯಲು ಕೈ ಬರಲಿಲ್ಲ. ನಾನು ಕಳ್ಳನನ್ನು ಹುಡುಕಲು ಹಾಕಿದ ದೀಪದ ಬೆಳಕಿನಲ್ಲಿ ಕಂಡದ್ದು ನನ್ನ ಸೆರಗು. "ಅಣ್ಣ, ಪೈಪು ಬಿಚ್ಚು, ಮಸ್ತಾನ್ ಚಾಚಾಗೆ ತೋರಿಸ್ತೀನಿ" ಎಂದೆ. ಅದುವರೆಗೆ ಏನು ಬಿಚ್ಚೆಂದರೂ ಬಿಚ್ಚಿದವನು ಈಗ, "ಪೈಪ್ ಚೊಲೋ ಐತಿ ಬಿಡು, ಅದನ್ಯಾಕ ಬಿಚ್ಚತಿ. ಬಿಸಲಿಗೆ ಕಾದಿರ್ತೈತಿ" ಎಂದ. ಬಿಸಿಲಿಗಂತೆ! ಅತ್ತಿಗೆ ಅವನ ಮುಖ ನೋಡಿದಳು, ನನ್ನ ಮುಖ ನೋಡಿದಳು, ತಾನೇ ಸ್ಪ್ಯಾನರ್ ತಂದು ಅವನ ಕೈಗೆ ಕೊಟ್ಟಳು.

ಮಧ್ಯಾಹ್ನದ ಬಸ್ಸಿಗೆ ಆದೋನಿಗೆ ಹೋದೆ. ಈ ಸಲ ಪೈಪನ್ನು ಕೊರಳಿಗೆ ಹಾಕಿಕೊಳ್ಳಲಿಲ್ಲ, ಯೂರಿಯಾ ಚೀಲದೊಳಗೆ ಸುತ್ತಿ ಒಯ್ದೆ. ಮಸ್ತಾನ್ ಸಾಬ್ ಒಂದು ಗೇರ್‌ಬಾಕ್ಸಿನೊಳಗೆ ಅರ್ಧ ಮುಳುಗಿದ್ದ. ಚೀಲ ಬಿಚ್ಚಿದ ಕೂಡಲೇ ಕೈ ಒರೆಸಿಕೊಂಡು, "ಬಂತಾ ಕೊನಿಗೆ! ಒಂದು ವರ್ಷ ಆತು ಇದರ ದಾರಿ ನೋಡಾಕತ್ತು" ಎಂದ.

"ನಿಮಗ ಗೊತ್ತಿತ್ತೇನು ಚಾಚಾ?"

"ಫಿಟ್ ಮಾಡ್ದಾಂವ ನಾನು, ನನಗ ಗೊತ್ತಿರಲ್ವಾ ಬೇಟಾ? ನಾನು ಹೇಳಿದ್ದು ನಾಲ್ಕು ಸೂತ. ಇದು ಮೂರು ಸೂತದ್ದು."

"ಇಲ್ಲ ಚಾಚಾ, ನಾಲ್ಕು ಐತಿ. ಎಣಿಸ್ರಿ. ನಾಲ್ಕು ಪದರ ತಂತಿ."

ಮಸ್ತಾನ್ ಸಾಬ್ ಪೈಪನ್ನು ಎತ್ತಿ ಬೆಳಕಿಗೆ ಹಿಡಿದ. ಆಮೇಲೆ ಪೈಪಿನ ಬಾಯಿಗೆ ಕಿರುಬೆರಳು ಹಾಕಿ ತೋರಿಸಿದ. "ಸೂತ ಅಂದ್ರ ದಾರ ಅಲ್ಲಮ್ಮಾ. ಇಂಚಿಗೆ ಎಂಟು ಸೂತ. ನಾಲ್ಕು ಸೂತ ಅಂದ್ರ ಅರ್ಧ ಇಂಚು ತೂತು. ಗೌಂಡಿ ಕೆಲಸದೋರಿಗೂ ಗೊತ್ತು, ಬಡಿಗೇರಿಗೂ ಗೊತ್ತು, ನಮ್ಮ ಅಂಗಡಿ ಕಸ ಹೊಡ್ಯಾಕಿಗೂ ಗೊತ್ತು. ನಿನಗ ಯಾರ್ ಹೇಳಿದ್ರು ದಾರ ಅಂತ?"

ಆರನೇ ಕ್ಲಾಸಿನ ಹಿಂದಿ ಪುಸ್ತಕ ಎಂದು ಹೇಳಲಿಲ್ಲ. "ಆದ್ರ ನಾನು ಅಳತಿ ಮಾಡಿ ತಂದಿದ್ನಿ ಚಾಚಾ, ವರ್ನಿಯರಿಲೇ."

"ಹೊರಗ ಅಳದಿ ಬೇಟಾ. ಎಣ್ಣಿ ಒಳಗ ಹೋಗ್ತದ."

ಅವನು ಅದನ್ನು ಚುಚ್ಚಿ ಹೇಳಲಿಲ್ಲ, ನಟ್ಟಿನ ನಂಬರ್ ಹೇಳುವ ಧಾಟಿಯಲ್ಲಿ ಹೇಳಿದ. ಗೋಡೆ ದಪ್ಪ, ತೂತು ಸಣ್ಣದು. ದಪ್ಪ ಗೋಡೆ ಬಾಗುವುದಿಲ್ಲ, ಅದಕ್ಕೆ ಮೊಣಕೈ. ಎಣ್ಣೆ ಸಾಲದೆ ನೇಗಿಲು ಮೆಲ್ಲಗೆ ಮಗುಚುತ್ತದೆ, ಡ್ರೈವರು ಅಷ್ಟು ಹೊತ್ತು ಲಿವರ್ ಎಳೆದೇ ಹಿಡಿಯುತ್ತಾನೆ. ಹಿಡಿದಷ್ಟೂ ಹೊತ್ತು ಪಂಪು ಗೋಡೆ ಗುದ್ದುತ್ತದೆ, ಗುದ್ದಿದ್ದೆಲ್ಲ ಶಾಖ. ವರ್ನಿಯರ್ ಕ್ಯಾಲಿಪರಿನ ಬೆನ್ನ ಮೇಲೆ ಎರಡು ಚಿಕ್ಕ ದವಡೆಗಳಿವೆ, ಒಳಗಿನ ಅಳತೆಗೆಂದೇ ಇರುವಂಥವು. ಪ್ರತಿ ವರ್ಷ ಅದರ ಚಿತ್ರ ಬರೆಸುತ್ತೇನೆ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತೇನೆ. ಬರೆಯದವರಿಗೆ ಸೊನ್ನೆ ಹಾಕುತ್ತೇನೆ.

"ಗೊತ್ತಿದ್ದೂ ಯಾಕ ಹೇಳ್ಲಿಲ್ಲ ಚಾಚಾ?" ಎಂದೆ. ದನಿ ಸ್ವಲ್ಪ ಏರಿತ್ತು.

"ನಿಮ್ಮಣ್ಣಗ ಅವತ್ತೇ ಹೇಳಿದ್ನಿ. ಬದಲಿ ಮಾಡಿ ಕೊಡ್ತೀನೋ ಅಂದ್ನಿ. ಅಂವ ಏನಂದ ಗೊತ್ತಾ? 'ಬ್ಯಾಡ ಚಾಚಾ. ನಮ್ ತಂಗಿ ಅಳತಿ ಮಾಡಿ ತಂದಾಳ. ಹೊಳ್ಳಿ ಹೊಳ್ಳಿ ಬಂದು ನೋಡ್ತಾಳ. ಇರ್ಲಿ ಬಿಡು, ನಾನು ಹೆಂಗೋ ನಡಸ್ತೀನಿ' ಅಂದ. ನಡಸ್ಯಾನ ನೋಡು, ಒಂದು ವರ್ಷ."

ಅಂಗಡಿಯ ಮುಂದೆ ಹತ್ತಿಯ ಲಾರಿಯೊಂದು ಹಿಂದಕ್ಕೆ ಬರುತ್ತಿತ್ತು, ಅದರ ಸದ್ದು ಇದ್ದದ್ದು ಒಳ್ಳೆಯದಾಯಿತು.

ಮಸ್ತಾನ್ ಸಾಬ್ ಅರ್ಧ ಇಂಚು ತೂತಿನ, ಎರಡೇ ಪದರದ ಮೆತ್ತನೆಯ ಪೈಪು ತರಿಸಿ, ನನ್ನ ಕಿರುಬೆರಳನ್ನೇ ಒಳಗೆ ಹಾಕಿಸಿ ನೋಡಿಸಿ ಕೊಟ್ಟ. ಮೊಣಕೈ ಬೇಡ, ಪೈಪು ದೊಡ್ಡದಾಗಿ ಸುತ್ತು ಹಾಕಿಕೊಂಡು ಹೋಗಲಿ, ಎಲ್ಲೂ ಮಡಚಬಾರದು, ಕೂಡುವ ಬಾಯಿಗಳಲ್ಲಿ ಮಣ್ಣು ಕೂರಬಾರದು, ನೇಗಿಲು ಮಗುಚಿದ ಕೂಡಲೇ ಈರಣ್ಣ ಲಿವರಿನಿಂದ ಕೈ ಬಿಡಬೇಕು ಎಂದು ನಾಲ್ಕು ಮಾತು ಹೇಳಿದ. ಐದು ಗಂಟೆಯ ಬಸ್ಸಿಗೆ ಊರಿಗೆ ಬಂದೆ. ಅಣ್ಣ ಅಂಗಳದಲ್ಲೇ ಇದ್ದ. ಯೂರಿಯಾ ಚೀಲ ಕೊಟ್ಟೆ. ತೆಗೆದು ನೋಡಿದ, ಟ್ರ್ಯಾಕ್ಟರಿನ ಕೆಳಗೆ ಸರಿದು ಕೂರಿಸತೊಡಗಿದ. ನಾನು ಅವನ ಕಾಲುಗಳ ಜೊತೆ ಮಾತಾಡಬೇಕಾಯಿತು.

"ಗೊತ್ತಿದ್ದೂ ಒಂದು ವರ್ಷ ಸುಮ್ನ ಇದ್ದಿಯಲ್ಲಣ್ಣ. ಮಂದಿ ಕೈಲೆ ಜ್ವರ ಗಿರ ಅನ್ನಿಸ್ಕೊಂಡು."

ಕೆಳಗಿನಿಂದ ಸ್ಪ್ಯಾನರಿನ ಸದ್ದು ನಿಂತಿತು. "ನೀ ಅವತ್ತು ಬಸ್ ಇಳದು ಬಂದಿಯಲ್ಲವ್ವಾ, ಎರಡೂ ಪೈಪ್ ಕೊಳ್ಳಾಗ ಹಾಕ್ಕೊಂಡು. ಕಟ್ಟಿ ಮ್ಯಾಲಿನ ಮಂದಿ ಎಲ್ಲಾ ಎದ್ದು ನಿಂತಿದ್ರು. ಹಾರ ಹಾಕಿಸ್ಕೊಂಡು ಬಂದಂಗ ಕಾಣಸ್ತಿದ್ದಿ. ನಮ್ಮ ಮನಿಯಾಗ ಯಾರ್ ಹಾಕಿಸ್ಕೊಂಡಾರ ಹಾರ? ಮರುದಿನಾನ ಅದನ್ನ ಬಿಚ್ಚಿ ಒಗಿ ಅಂದ್ರ ಹೆಂಗ?" ಎಂದ. ಮತ್ತೆ ಸದ್ದು ಶುರುವಾಯಿತು. "ಹನ್ನೆರಡು ನಂಬರ್ ಪಾನಾ ಕೊಡು."

ನಾನು ಹದಿಮೂರರದು ಕೊಟ್ಟೆ. ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅವನು ಅದನ್ನು ವಾಪಸು ಕೊಟ್ಟು, ಕೈ ಚಾಚಿ ತಾನೇ ಸರಿಯಾದದ್ದನ್ನು ತೆಗೆದುಕೊಂಡ.

ಮರುದಿನ ಅಣ್ಣ ಹಿಂದಿನ ಹೊಲ ಮುಗಿಸಿದ. ಅದರ ಮರುದಿನ ಹೊತ್ತು ಹುಟ್ಟುವ ಮೊದಲೇ ದೊಡ್ಡಬಸಪ್ಪನ ಬದಿಗೆ ಹೋಗಿ ನಿಂತಿದ್ದ. ನಾನು ಅರ್ಧ ದಿನ ರಜೆ ಹಾಕಿ ಹೋದೆ. ಕಾರಣದ ಜಾಗದಲ್ಲಿ "ಮನೆಯಲ್ಲಿ ಜ್ವರ" ಎಂದು ಬರೆದಿದ್ದೆ. ಸಾಲು ಮುಗಿಯಿತು, ಅಣ್ಣ ಲಿವರ್ ಎಳೆದ, ನೇಗಿಲು ಠಕ್ಕನೆ ಮಗುಚಿತು. ಅವನು ಕೂಡಲೇ ಕೈ ಬಿಟ್ಟ. ನರಳಾಟವಿಲ್ಲ. ಹನ್ನೆರಡಾಯಿತು, ಒಂದಾಯಿತು, ಎರಡಾಯಿತು, ಗಾಡಿ ಮಲಗಲಿಲ್ಲ. ಎರಡೂವರೆಗೆ ಅತ್ತಿಗೆ ಇಂಜಿನ್ ಆರಿಸಲು ಹೇಳಿ, ಪೈಪಿನ ಮೇಲೆ ಅಂಗೈಯಿಟ್ಟು "ಜಳಕದ ನೀರು" ಎಂದು ತೀರ್ಪು ಕೊಟ್ಟಳು. ದೊಡ್ಡಬಸಪ್ಪ ಬದುವಿನ ಮೇಲೆ ಕುಳಿತಿದ್ದವನು, "ಕೌತಾಳದಾಂವಗ ಫೋನ್ ಮಾಡಿ ಬ್ಯಾಡ ಅಂದ್ನೆವ್ವಾ. ಏನ್ ಮಾಡಿದ್ರಿ ಗಾಡಿಗೆ?" ಎಂದು ನನ್ನನ್ನು ಕೇಳಿದ. ನಾನು ಬಾಯಿ ತೆರೆಯುವ ಮೊದಲು ಅಣ್ಣ ಸೀಟಿನ ಮೇಲಿನಿಂದಲೇ, "ನಮ್ ತಂಗಿ ಹುಡುಕಿ ತಗದ್ಲು ನೋಡಪ್ಪಾ, ಎಲ್ಲೈತಿ ಬ್ಯಾನಿ ಅಂತ. ಓದಿದಾಕಿ" ಎಂದ. ಅತ್ತಿಗೆ ತನ್ನ ಅಂಗೈಯನ್ನು ನೋಡಿಕೊಂಡು ಸೆರಗಿಗೆ ಒರೆಸಿಕೊಂಡಳು. ನಾನು ಸುಮ್ಮನಿದ್ದೆ. ಆ ಮೌನ ವಿನಯವೆಂದು ದೊಡ್ಡಬಸಪ್ಪ ತಿಳಿದ.

ಹಳೆಯ ಪೈಪು ಈಗ ನನ್ನ ತರಗತಿಯಲ್ಲಿದೆ. ವರ್ನಿಯರ್ ಪಾಠದ ದಿನ ಮಕ್ಕಳು ಮೊದಲು ಅದರ ಒಳಗನ್ನು ಅಳೆಯಬೇಕು, ಆಮೇಲೆ ಹೊರಗನ್ನು. ಯಾಕೆ ಎಂದು ಇದುವರೆಗೆ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ.

ಇಷ್ಟಾದ ಮೇಲೆ ನಾನು ಬದಲಾಗಿರಬೇಕು ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಮೊನ್ನೆ ಅಣ್ಣ ಎಂದಿನಂತೆ, "ಆದೋನಿಗೆ ಹೋಗ್ತೀಯಲ್ಲ ತಂಗಿ, ಟ್ರಾಲಿಗೆ ಒಂದು ಬೇರಿಂಗ್ ತಗೊಂಬಾ" ಎಂದು ಒಂದು ಚೀಟಿ ಕೊಟ್ಟ. ಮತ್ತೆ ನನ್ನನ್ನೇ ಕಳಿಸುತ್ತಿದ್ದಾನಲ್ಲ ಎಂದು ಎದೆ ತುಂಬಿ ಬಂತು. ಚೀಟಿಯಲ್ಲಿ ಅವನ ಏಳನೇ ಕ್ಲಾಸಿನ ದುಂಡಗಿನ ಅಕ್ಷರದಲ್ಲಿ ಬೇರಿಂಗಿನ ಅಳತೆ, ಅದರ ಕೆಳಗೆ ಒಂದು ಗೆರೆ ಎಳೆದು "ಇದು ಒಳಗಿಂದು" ಎಂದು ಬರೆದಿತ್ತು. ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. "ಸೈಜು ಎಂತಮ್ಮಾ?" ಎಂದ ಅಂಗಡಿಯವನು. ಓದಿದವಳು ಚೀಟಿ ನೋಡಿ ಹೇಳುವುದೇ? ನಾನು ಫೋನು ಬಂದವಳಂತೆ ಮಾಡಿ ಹೊರಗೆ ಬಂದು, ನಿಂತಿದ್ದ ಹತ್ತಿ ಲಾರಿಯ ಮರೆಗೆ ಹೋಗಿ, ಮುಷ್ಟಿಯೊಳಗಿನ ಚೀಟಿಯನ್ನು ಎರಡು ಸಲ ಓದಿ ಬಾಯಿಪಾಠ ಮಾಡಿಕೊಂಡೆ. ಒಳಗೆ ಹೋಗಿ ಅಳತೆಯನ್ನು ಗಟ್ಟಿಯಾಗಿ ಹೇಳಿ, "ಅದು ಒಳಗಿನ ಅಳತಿ ಮತ್ತ, ಹೊರಗಿಂದಲ್ಲ" ಎಂದು ಅವನಿಗೆ ಎಚ್ಚರಿಕೆ ಕೊಟ್ಟೆ. ಅಂಗಡಿಯವನು ತಲೆಯೆತ್ತಿ ಗೌರವದಿಂದ ನೋಡಿದ. ಇಷ್ಟು ಕರಾರುವಾಕ್ಕಾಗಿ ಹೇಳುವ ಹೆಂಗಸರನ್ನು ತಾನು ಕಂಡಿಲ್ಲವೆಂದೂ, ಎಲ್ಲಿಯವರೆಗೆ ಓದಿದ್ದೀರೆಂದೂ ಕೇಳಿದ.

ಬಿ.ಎಸ್ಸಿ., ಬಿ.ಇಡಿ. ಎಂದೆ. ಚೀಟಿ ಬರೆದವನದು ಏಳನೇ ಕ್ಲಾಸು ಎಂದೂ ಹೇಳಬೇಕೆಂದಿದ್ದೆ. ಅಷ್ಟರಲ್ಲಿ ಬಸ್ಸಿಗೆ ಹೊತ್ತಾಗಿತ್ತು.